ಬೂದಿ ದಿನ್ನಿಗೆ ಟವರ್ ತಪ್ಪಿಸಿದ್ದು

ಸೇಡು ನನ್ನೊಳಗೆ ಹೊಕ್ಕಾಗ ನನಗೆ ಹನ್ನೊಂದು ವರ್ಷ. ಕಾಲುವೆಗೆ ನೀರು ಬಿಟ್ಟ ಎರಡನೆಯ ವರ್ಷ ಅದು. ಕೆಂಭಾವಿಯಿಂದ ಕೊಡೇಕಲ್ಲಿನ ಕಡೆ ಹೋಗುವಾಗ ದೊಡ್ಡ ರಸ್ತೆ ಬಿಟ್ಟು ಒಳಗೆ ಸರಿದರೆ ಸಿಗುವ ಸಣ್ಣ ಊರು ನಮ್ಮದು. ಅಲ್ಲಿಯವರೆಗೆ ಜೋಳ, ಸಜ್ಜೆ, ತೊಗರಿ ಬಿಟ್ಟು ಬೇರೆ ಬೆಳೆ ಕಾಣದ ಹೊಲಗಳಲ್ಲಿ ಭತ್ತ ನಿಂತಿತು. ನೀರು ಹತ್ತಿದ ಹೊಲಕ್ಕೆ ಬೆಲೆ ಬಂತು. ಬೆಲೆ ಬಂದ ಮೇಲೆ ಗೇಣು ನೆಲವನ್ನೂ ಯಾರೂ ಸುಮ್ಮನೆ ಬಿಡುವ ಹಾಗಿರಲಿಲ್ಲ.

ಊರ ಪಡುವಣಕ್ಕೆ ಒಂದು ದಿನ್ನಿ ಇತ್ತು. ಗುಡ್ಡವಲ್ಲ, ಎತ್ತು ಮಲಗಿದಷ್ಟು ಮೆಲ್ಲಗೆ ಉಬ್ಬಿದ ನೆಲ. ಸುತ್ತಲಿನ ಎರೆಮಣ್ಣು ಕಪ್ಪಗಿದ್ದರೆ ಅದರ ಮಣ್ಣು ಮಾತ್ರ ಬೆಳ್ಳಗೆ, ಹಗುರ. ಹಿಡಿಯಲ್ಲಿ ಹಿಡಿದರೆ ಬೆರಳ ಸಂದಿಯಿಂದ ಸೋರುತ್ತಿತ್ತು. ಅದಕ್ಕೇ ಬೂದಿ ದಿನ್ನಿ ಎನ್ನುತ್ತಿದ್ದರು. ಯಾವುದೋ ಕಾಲದ ರಾಕ್ಷಸರನ್ನು ಸುಟ್ಟ ಬೂದಿ ಎಂದು ಊರ ಮುದುಕರು ಹೇಳುತ್ತಿದ್ದರು. ನಮ್ಮ ಕೇರಿಯವರಿಗೆ ಮಾತ್ರ ಅದು ಸತ್ತವರಿಗೆ ಮಣ್ಣು ಕೊಡುವ ಜಾಗ. ಅಜ್ಜ ಅಲ್ಲಿದ್ದ, ಅಜ್ಜನ ಅಪ್ಪ ಅಲ್ಲಿದ್ದ. ಕಾಲುವೆ ಅಗೆಯುವ ಕೆಲಸದಲ್ಲಿ ಜ್ವರ ಹಿಡಿದು ಬಂದು ಎಂಟು ದಿನಕ್ಕೆ ಕಣ್ಣು ಮುಚ್ಚಿದ ನನ್ನ ಅಪ್ಪನನ್ನೂ ಅಲ್ಲಿಯೇ ಮಣ್ಣು ಮಾಡಿದ್ದರು. ಅಪ್ಪ ಬೌದ್ಧ ದೀಕ್ಷೆ ತೆಗೆದುಕೊಂಡಿದ್ದವನು. ಅವನ ತಲೆಯ ಕಡೆ ಕಲ್ಲು ನೆಟ್ಟು ಅವ್ವ ಅದಕ್ಕೆ ಬಿಳಿ ಸುಣ್ಣ ಬಳಿದಿದ್ದಳು, ಬೇರೆ ಏನೂ ಬರೆಸಿರಲಿಲ್ಲ.

ದಿನ್ನಿಯ ಸುತ್ತಲಿನ ಹೊಲ ಊರ ಸಾವ್ಕಾರನದು. ನೀರು ಬಂದ ಮೇಲೆ ಆತ ಬದು ಕಿತ್ತು ದಿನ್ನಿಯ ಇಳಿಜಾರನ್ನೂ ಹೊಲಕ್ಕೆ ಸೇರಿಸಿಕೊಳ್ಳಲು ಟ್ರ್ಯಾಕ್ಟರ್ ಇಳಿಸಿದ. ಸುದ್ದಿ ಬಂದಾಗ ನಾವು ಕಳೆ ತೆಗೆಯುತ್ತಿದ್ದೆವು. ಅವ್ವ ಕುಡಗೋಲು ಅಲ್ಲೇ ಬಿಟ್ಟು ಓಡಿದಳು, ನಾನು ಅವಳ ಹಿಂದೆ. ನಾವು ಮುಟ್ಟುವ ಹೊತ್ತಿಗೆ ಟ್ರ್ಯಾಕ್ಟರಿನ ರೆಂಟೆ ಅಪ್ಪನ ಮೇಲೆ ಎರಡು ಸಾಲು ಹೊಡೆದಾಗಿತ್ತು. ಬಿಳಿ ಮಣ್ಣಿನಲ್ಲಿ ಎಲುಬುಗಳು ಮೊದಲು ಕಾಣಲಿಲ್ಲ. ಸುಣ್ಣ ಬಳಿದ ಕಲ್ಲು ಅಡ್ಡ ಬಿದ್ದಿದ್ದರಿಂದ ಇಲ್ಲೇ ಎಂದು ಗೊತ್ತಾಯಿತು. ಅವ್ವ ಮಂಡಿಯೂರಿ ಒಂದೊಂದೇ ಆರಿಸಿ ಸೆರಗಿಗೆ ಹಾಕಿಕೊಳ್ಳತೊಡಗಿದಳು.

ಸಾವ್ಕಾರ ಬದುವಿನ ಮೇಲೆ ನಿಂತಿದ್ದ. ಅವ್ವ ಸೆರಗು ಹಿಡಿದುಕೊಂಡೇ ಅವನ ಮುಂದೆ ಹೋಗಿ, ಇಷ್ಟು ಜಾಗ ಬಿಡ್ರಿ ಯಪ್ಪಾ, ನಮ್ಮ ಹಿರಿಯರೆಲ್ಲ ಇಲ್ಲೇ ಅದಾರ ಎಂದು ಕೇಳಿಕೊಂಡಳು. ಆತ ಬೈಯಲಿಲ್ಲ. ಬೈದಿದ್ದರೆ ನಾನು ಮರೆಯುತ್ತಿದ್ದೆನೋ ಏನೋ. ಆತ ನಕ್ಕ. ಟ್ರ್ಯಾಕ್ಟರಿನವನ ಕಡೆ ತಿರುಗಿ, ಅವನಿಗೂ ನಗು ಬರುವ ಹಾಗೆ ಹೇಳಿದ:

"ನಿನ್ನ ಗಂಡನ ಹೆಸರಿಗಿ ಪಹಣಿ ಅದ ಏನು ಇಲ್ಲಿ? ಹೆಣಕ್ಕ ಪಹಣಿ ಕೊಡ್ತಾರೇನು ಸರಕಾರದವ್ರು?"

ಅವ್ವ ನನ್ನನ್ನು ಮನೆಗೆ ಕಳಿಸಿದಳು. ತಾನು ಹೊತ್ತು ಮುಳುಗುವ ಮುಂಚೆ ಬಂದಳು, ಸೆರಗು ಖಾಲಿ ಇತ್ತು. ದಿನ್ನಿಯ ನೆತ್ತಿಯ ಮೇಲೆ ಬಂಡೆಗಳಿದ್ದುದರಿಂದ ಅಲ್ಲಿಗೆ ಟ್ರ್ಯಾಕ್ಟರ್ ಹತ್ತಿರಲಿಲ್ಲ. ಅಲ್ಲೇ ಮತ್ತೆ ಮಣ್ಣಿಗೆ ಹಾಕಿ ಬಂದೆ ಎಂದಳು. ಮರುವಾರ ಕೇರಿಯ ನಾಲ್ಕು ಜನ ಅರ್ಜಿ ಹಿಡಿದು ಒಂದು ಕಚೇರಿಯಿಂದ ಇನ್ನೊಂದು ಕಚೇರಿಗೆ ಅಲೆದರು. ಕಾಗದದಲ್ಲಿ ಆ ನೆಲ ಸಾವ್ಕಾರನ ಸರ್ವೇ ನಂಬರಿನಲ್ಲೇ ಇತ್ತು. ಸ್ಮಶಾನ ಎಂದು ಎಲ್ಲಿಯೂ ಬರೆದಿರಲಿಲ್ಲ. ನಮಗೆ ಕಾಲುವೆಯ ಏರಿ ಪಕ್ಕದಲ್ಲಿ, ನೀರು ಜಿನುಗುವ ಒಂದು ತುಂಡು ಜಾಗ ತೋರಿಸಿದರು. ಅಲ್ಲಿ ಮೂರಡಿ ಅಗೆದರೆ ಗುಂಡಿಗೆ ನೀರು ಬರುತ್ತಿತ್ತು.

ಅವತ್ತಿನಿಂದ ನಾನು ಸಾವ್ಕಾರನ ಕೆಟ್ಟದ್ದನ್ನು ಬಯಸುತ್ತಲೇ ಬೆಳೆದೆ. ಇದನ್ನು ಮುಚ್ಚಿಟ್ಟು ಬರೆಯುವುದು ನನಗೆ ಆಗುವುದಿಲ್ಲ. ಅವನ ಎತ್ತು ಸತ್ತ ದಿನ ನಾನು ಬುತ್ತಿಯ ರೊಟ್ಟಿ ಎರಡು ಹೆಚ್ಚಿಗೆ ತಿಂದೆ. ಅವನ ಮಗ ಹತ್ತನೆಯ ತರಗತಿಯಲ್ಲಿ ನಪಾಸಾದಾಗ ನಾನು ಪಾಸಾಗಲೇಬೇಕೆಂದು ಓದಿದೆ, ಪಾಸಾದೆ. ಶಹಾಪುರದಲ್ಲಿ ನಕ್ಷೆ ತೆಗೆಯುವ ಕೋರ್ಸ್ ಮಾಡಿಕೊಂಡೆ. ಭೀಮರಾಯನಗುಡಿಯ ಕ್ಯಾಂಪಿನಲ್ಲಿ ಕಾಲುವೆಯ ನಕ್ಷೆಗಳನ್ನು ತಿದ್ದಿ ಎತ್ತುವ ಟ್ರೇಸರ್ ಕೆಲಸಕ್ಕೆ ದಿನಗೂಲಿಯ ಮೇಲೆ ಸೇರಿದೆ. ಅವ್ವ ಊರಲ್ಲೇ ಉಳಿದಳು. ನಾನು ವಾರಕ್ಕೊಮ್ಮೆ ಹೋಗಿ ಬರುತ್ತಿದ್ದೆ.

ಆ ಕೆಲಸ ನನಗೆ ಹಿಡಿಸಿತು. ದೊಡ್ಡ ಮೇಜಿನ ಮೇಲೆ ಮೂಲ ನಕ್ಷೆ ಹಾಸಿ, ಅದರ ಮೇಲೆ ಆಚೆ ಕಾಣುವ ಹಾಳೆ ಹಾಸಿ, ಕಪ್ಪು ಶಾಯಿಯ ಪೆನ್ನಿನಿಂದ ಗೆರೆಯ ಮೇಲೆ ಗೆರೆ ಎಳೆಯುವುದು. ಹಾಳೆ ಸುರುಳಿ ಸುತ್ತಿಕೊಳ್ಳದಂತೆ ನಾಲ್ಕು ಮೂಲೆಗೆ ಕಲ್ಲು ಇಡುತ್ತಿದ್ದೆವು. ಆ ಕಲ್ಲುಗಳು ಬರೀ ಕಲ್ಲಲ್ಲ. ಕಾಲುವೆ ಅಗೆಯುವಾಗ ಹಳ್ಳದ ಗರಸಿನಲ್ಲಿ ಸಿಕ್ಕವು. ಅಂಗೈ ಅಗಲ, ಒಂದು ತುದಿ ಚೂಪು, ಎರಡೂ ಬದಿಗೆ ಚಕ್ಕೆ ಎಬ್ಬಿಸಿದ್ದು. ಹಿಂದಿನ ಯಾರೋ ಎಂಜಿನಿಯರ್ ಅಂದ ನೋಡಿ ಎತ್ತಿಕೊಂಡು ಬಂದು ಮೇಜಿನ ಮೇಲೆ ಇಟ್ಟಿದ್ದರಂತೆ. ಅವು ಆದಿಮಾನವರ ಕೈಗೊಡಲಿಗಳೆಂದು ಆಫೀಸಿನಲ್ಲಿ ಎಲ್ಲರಿಗೂ ಗೊತ್ತಿತ್ತು. ಗೊತ್ತಿದ್ದೂ ಹಾಳೆಯ ಮೇಲೆ ಇಡುತ್ತಿದ್ದೆವು.

ನನಗೆ ಮೂವತ್ತು ತುಂಬುವ ಹೊತ್ತಿಗೆ ನಮ್ಮ ಕಡೆ ಮೊಬೈಲ್ ಟವರುಗಳು ಬರತೊಡಗಿದವು. ಶಹಾಪುರ, ಸುರಪುರಕ್ಕೆ ಬಂದಾಯಿತು, ಕೆಂಭಾವಿಗೂ ಬಂತು. ನಮ್ಮೂರಲ್ಲಿ ಫೋನ್ ಇದ್ದವರು ಮಾತಾಡಬೇಕಾದರೆ ಕಾಲುವೆಯ ಏರಿ ಹತ್ತಬೇಕಿತ್ತು. ಕಂಪನಿಯವರು ಎತ್ತರದ ಜಾಗ ಹುಡುಕುತ್ತ ಬಂದರು. ಊರಿಗೆಲ್ಲ ಎತ್ತರ ಎಂದರೆ ದಿನ್ನಿಯ ನೆತ್ತಿಯೇ. ಸಾವ್ಕಾರನಿಗೆ ತಿಂಗಳ ಬಾಡಿಗೆ, ಮಗನಿಗೆ ಟವರ್ ಕಾಯುವ ನೌಕರಿ ಎಂದು ಮಾತಾಯಿತು. ಆತ ಕಾಯಿ ಒಡೆಸಿ ಪೂಜೆಯನ್ನೂ ಮಾಡಿಸಿಬಿಟ್ಟ. ಆ ಶನಿವಾರ ನಾನು ಊರಿಗೆ ಹೋದಾಗ ನೆತ್ತಿಯ ಬಂಡೆಗಳ ನಡುವೆ ಸುಣ್ಣದ ಪುಡಿಯಿಂದ ಚೌಕ ಗೆರೆ ಎಳೆದಿದ್ದರು. ಅಪ್ಪನನ್ನು ಎರಡನೆಯ ಸಲ ಹೂತ ಜಾಗ ಆ ಚೌಕದ ಒಳಗೇ ಬಿದ್ದಿತ್ತು.

ಅವ್ವ ನೋಡಿದ್ದಳು. ಬಂದು ರೊಟ್ಟಿ ಬಡಿಯಲು ಕೂತಳು. ನನಗೆ ಮಾತ್ರ ಊಟ ಸೇರಲಿಲ್ಲ.

ಕಟ್ಟುವ ಮುಂಚೆ ಒಂದು ತೊಡಕು ಬಂತು. ಪುರಾತತ್ವದವರ ಯಾವುದೋ ಹಳೆಯ ಪಟ್ಟಿಯಲ್ಲಿ ನಮ್ಮೂರ ದಿನ್ನಿಯ ಹೆಸರು ಇತ್ತಂತೆ. ಅವರು ಬಂದು ನೆಲ ಪರೀಕ್ಷಿಸಿ, ಇಲ್ಲಿ ಹಳೆಯ ಕುರುಹು ಇಲ್ಲ, ಅಡ್ಡಿ ಇಲ್ಲ ಎಂದು ಬರೆದುಕೊಟ್ಟರೆ ಮಾತ್ರ ಟವರ್. ಅದಕ್ಕಾಗಿ ಒಬ್ಬ ಅಧಿಕಾರಿ ಬರುವವರಿದ್ದರು. ಆ ಭಾಗದ ನೆಲದ ಏರಿಳಿತ ತೋರಿಸುವ ಹಳೆಯ ನಕ್ಷೆ ಕಾಲುವೆಯವರಲ್ಲಿ ಇದೆ ಎಂದು ಗೊತ್ತಾಗಿ, ನಕ್ಷೆಯೊಂದಿಗೆ ಅದನ್ನು ಓದಬಲ್ಲವರೊಬ್ಬರನ್ನು ಕಳಿಸಿರಿ ಎಂದು ನಮ್ಮ ಆಫೀಸಿಗೆ ಪತ್ರ ಬಂತು. ಬಿಸಿಲಿಗೆ ಹೆದರಿ ಯಾರೂ ಮುಂದೆ ಬರಲಿಲ್ಲ. ನಾನು ಹೋಗುತ್ತೇನೆ ಎಂದೆ. 

ಹತ್ತೊಂಬತ್ತು ವರ್ಷ ಕಾಯ್ದ ಗಳಿಗೆ ಅದು. ಅಧಿಕಾರಿ ಬರುವ ಹಿಂದಿನ ದಿನ ಮೇಜಿನ ಮೇಲಿನ ಏಳು ಕೈಗೊಡಲಿಗಳನ್ನು ಊಟದ ಚೀಲದಲ್ಲಿ ಹಾಕಿಕೊಂಡು ಬಸ್ಸು ಹತ್ತಿದೆ. ಮುಂಜಾನೆ ಬಯಲಿಗೆ ಹೋಗುವ ಹೆಂಗಸರ ಜೊತೆಗೆ ಹೊರಟು, ಅವರಿಂದ ಬೇರೆಯಾಗಿ ದಿನ್ನಿ ಹತ್ತಿದೆ. ಚೌಕದ ಒಳಗೆ ಮೂರು, ಹೊರಗೆ ನಾಲ್ಕು, ಸಹಜವಾಗಿ ಬಿದ್ದ ಹಾಗೆ ಹರವಿದೆ. ತಪ್ಪು ಮಾಡುತ್ತಿದ್ದೇನೆ ಎಂದು ಒಮ್ಮೆಯೂ ಅನಿಸಲಿಲ್ಲ. ಸಾವ್ಕಾರ ಅವ್ವನಿಗೆ ಕಾಗದ ಕೇಳಿದ್ದ. ಕಾಗದ ಹುಟ್ಟಿಸುವ ಕಲ್ಲು ಇಟ್ಟು ಬಂದೆ ಅಷ್ಟೆ.

ಅಧಿಕಾರಿ ಮೈಸೂರು ಕಡೆಯವರು, ನಿವೃತ್ತಿಗೆ ಹತ್ತಿರವಾದ ವಯಸ್ಸು, ತೆಳ್ಳಗಿನ ಮನುಷ್ಯ. ನಮ್ಮ ಮಾತು ಅವರಿಗೆ ಜಗಳದ ಹಾಗೆ ಕೇಳುತ್ತಿತ್ತೋ ಏನೋ, ಯಾರೇ ಮಾತಾಡಿಸಿದರೂ ಅರ್ಧ ಹೆಜ್ಜೆ ಹಿಂದೆ ಸರಿಯುತ್ತಿದ್ದರು. ಸಾವ್ಕಾರ ಬೇವಿನ ಗಿಡದ ಕೆಳಗೆ ಹೊರಸು ಹಾಕಿಸಿ ಅವರನ್ನು ಕೂಡಿಸಿದ. ಅವರಿಗೆ ಸ್ಟೀಲಿನ ಲೋಟದಲ್ಲಿ ಚಹಾ ಬಂತು. ನನಗೆ ಒಗೆದುಬಿಡುವ ಪ್ಲಾಸ್ಟಿಕ್ ಕಪ್ಪಿನಲ್ಲಿ ಬಂತು. ನೀ ನಮ್ಮೂರ ಹುಡುಗಿ ಅಲ್ಲೇನು, ಆಫೀಸರ್ ಆಗಿ ಬಂದೀದಿ, ಛಲೋ ಆಯ್ತು ಎಂದು ಸಾವ್ಕಾರ ಪ್ರೀತಿಯಿಂದಲೇ ಹೇಳಿದ. ನಾನು ಕಪ್ಪನ್ನು ಹಾಗೇ ಹೊರಸಿನ ಕಾಲ ಬಳಿ ಇಟ್ಟೆ. ಆತ ಯಾರ ಹೆಂಡತಿಗೆ ಏನು ಹೇಳಿದ್ದ ಎಂಬುದು ಆತನಿಗೆ ನೆನಪೇ ಇರಲಿಲ್ಲ. ಅದನ್ನು ಕಂಡು ನನ್ನ ಸಿಟ್ಟು ಇನ್ನೂ ಗಟ್ಟಿಯಾಯಿತು.

ದಿನ್ನಿಗೆ ನಾವಿಬ್ಬರೇ ಹತ್ತಿದೆವು. ಸಾವ್ಕಾರನಿಗೆ ಮೊಣಕಾಲು ನೋವು, ಕೆಳಗೇ ನಿಂತ. ಅಧಿಕಾರಿ ನಡೆಯುವುದನ್ನು ನೋಡಿದರೆ ನೆಲದ ಮೇಲೆ ಬಿದ್ದ ಸೂಜಿ ಹುಡುಕುವ ಹಾಗಿತ್ತು. ಮೊದಲ ಕಲ್ಲು ಕಂಡಾಗ ನಾನು ನಕ್ಷೆಯ ಸುರುಳಿ ಬಿಚ್ಚುವ ನೆಪದಲ್ಲಿ ನಿಂತೆ. ಅವರು ಬಗ್ಗಿದರು, ಮುಟ್ಟಲಿಲ್ಲ. ಎರಡನೆಯದು ಕಂಡಾಗಲೂ ಮುಟ್ಟಲಿಲ್ಲ. ಮೂರನೆಯದನ್ನು ಎತ್ತಿ, ಅದು ಇದ್ದ ನೆಲವನ್ನು ಬಹಳ ಹೊತ್ತು ನೋಡಿದರು. ಆಮೇಲೆ ಕಲ್ಲನ್ನು ತಿರುಗಿಸಿ ನನ್ನ ಮುಂದೆ ಹಿಡಿದರು.

"ಮೊನ್ನೆ ಮಳೆ ಬಂದಿದೆ ಇಲ್ಲಿ," ಎಂದರು. "ಹಳೆಯ ಕಲ್ಲಾದರೆ ಮಣ್ಣಿನಲ್ಲಿ ಸ್ವಲ್ಪವಾದರೂ ಕೂತಿರುತ್ತೆ. ಇದು ಮಳೆ ಒಣಗಿದ ಮೇಲೆ ಇಟ್ಟಿದ್ದು. ಅಲ್ಲದೆ ಇದು ಹಳ್ಳದ ಕಲ್ಲು, ಈ ದಿನ್ನಿಗಿಂತ ಲಕ್ಷಾಂತರ ವರ್ಷ ಹಳೆಯದು. ಅದೂ ಇರಲಿ. ಈ ಮೂಲೆ ನೋಡಮ್ಮ. ಆ ಕಾಲದವರು ನಕ್ಷೆಗೆ ಬಳಸುವ ಕಪ್ಪು ಶಾಯಿ ಬಳಸುತ್ತಿರಲಿಲ್ಲ."

ಒಂದು ಹನಿ ಶಾಯಿ. ನನ್ನದೇ ಪೆನ್ನಿನಿಂದ ಬಿದ್ದದ್ದಿರಬೇಕು.  ನನಗೇನೂ ಗೊತ್ತಿಲ್ಲ ಸರ್ ಎಂದೆ. ಅವರು ಇನ್ನೊಮ್ಮೆ ಕೇಳಲಿಲ್ಲ. ನಡೆದ ದಾರಿಯಲ್ಲೇ ತಿರುಗಿ ಏಳೂ ಕಲ್ಲನ್ನು ಆರಿಸಿ ತಮ್ಮ ಚೀಲಕ್ಕೆ ಹಾಕಿಕೊಂಡರು. ನಂತರ ಹೇಳಿದ್ದು ಇಷ್ಟು: ಇನ್ನು ಇಲ್ಲಿ ಏನು ಸಿಕ್ಕರೂ ಅದನ್ನು ನಂಬುವುದು ಕಷ್ಟ. ನಾಳೆ ಕೋರ್ಟಿನಲ್ಲಿ ಒಬ್ಬ ವಕೀಲ ನಿಂತು ಈ ಏಳು ಕಲ್ಲಿನ ಕಥೆ ಹೇಳಿದರೆ, ನೆಲದೊಳಗಿನ ನಿಜವಾದ ಮಡಕೆಯೂ ಯಾರೋ ಇಟ್ಟದ್ದೇ ಆಗುತ್ತದೆ. ಆದ್ದರಿಂದ ಕುರುಹು ಇಲ್ಲ ಎಂದು ಬರೆದು ಹೋಗುವುದೇ ಅವರಿಗೆ ಸುಲಭ.

ಅವರು ಇಳಿಯತೊಡಗಿದರು. ನನ್ನ ಸೇಡಿನ ಆಟದಿಂದ ಸಾವ್ಕಾರನಿಗೇ ಟವರ್ ಸಿಗುವುದಿತ್ತು. ಕೆಳಗೆ ಆತ ಹಣೆಗೆ ಕೈ ಅಡ್ಡ ಹಿಡಿದು ನಮ್ಮನ್ನೇ ನೋಡುತ್ತಿದ್ದ. ಆಗ ನಾನು ಅಧಿಕಾರಿಯ ದಾರಿಗೆ ಅಡ್ಡ ನಿಂತು ಎಲ್ಲವನ್ನೂ ಹೇಳಿಬಿಟ್ಟೆ. ರೆಂಟೆ, ಸೆರಗು, ಪಹಣಿಯ ಮಾತು, ಅರ್ಜಿ ಹಿಡಿದು ಅಲೆದದ್ದು. ಅಳು ಬರಲಿಲ್ಲ. ಅವನಿಗೆ ಕೆಟ್ಟದಾಗಲಿ ಎಂದೇ ಇಟ್ಟೆ ಸರ್, ನಿಮಗೆ ಮೋಸ ಮಾಡಬೇಕೆಂದಲ್ಲ ಎಂದೆ.

ಅವರು ಚೀಲ ಕೆಳಗಿಟ್ಟು ನಿಂತಲ್ಲೇ ಕೇಳಿಸಿಕೊಂಡರು. ಕೊನೆಗೆ ಒಂದೇ ಪ್ರಶ್ನೆ ಕೇಳಿದರು. ಅವತ್ತು ರೆಂಟೆಗೆ ನಿಮ್ಮ ತಂದೆಯ ಎಲುಬಲ್ಲದೆ ಬೇರೆ ಏನಾದರೂ ಬಂದಿತ್ತೆ? ನನಗೆ ಗೊತ್ತಿರಲಿಲ್ಲ. ಅವ್ವ ನನ್ನನ್ನು ಮನೆಗೆ ಕಳಿಸಿದ್ದಳು.

ಅವರನ್ನು ಮನೆಗೆ ಕರೆದುಕೊಂಡು ಹೋದೆ. ಅವ್ವ ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಅಧಿಕಾರಿ ಕಟ್ಟೆಯ ಮೇಲೆ ಕೂತು, ಅವ್ವ ಕೊಟ್ಟ ನೀರನ್ನು ಕುಡಿದು, ಅದೇ ಪ್ರಶ್ನೆ ಕೇಳಿದರು. ಅವ್ವ ನನ್ನ ಮುಖ ನೋಡಿದಳು. ನಾನು ಹೇಳು ಎಂದೆ.

"ಗಡಿಗಿ ಬಂದಿದ್ವುರಿ," ಎಂದಳು. "ಸಣ್ಣ ಸಣ್ಣವು, ಬೂದಿ ಬಣ್ಣದ್ದು. ಒಂದರ ಬಾಯಿಗಿ ಇನ್ನೊಂದು ಮುಚ್ಚಿತ್ತು. ಒಡದ ಗಡಗ್ಯಾಗ ಕೂಸಿನ ಎಲುಬು ಇದ್ದುವು, ಗುಬ್ಬಿ ಎಲುಬಿನಂಗ. ನಮ್ಮ ಕೇರ್ಯಾಗ ಯಾರೂ ಕೂಸಿನ್ನ ಗಡಗ್ಯಾಗ ಹಾಕಿ ಹೂಳಂಗಿಲ್ಲರಿ. ಯಾರ ಕೂಸೋ ಏನೋ. ಮಣ್ಣಾಗ ಇದ್ದದ್ದು ಹೊರಗ ಬಿದ್ದಿತ್ತು, ಇವರಪ್ಪನ ಸಂಗಾಟ ಮತ್ತ ಮಣ್ಣಿಗಿ ಹಾಕಿದೆ."

 ಅಧಿಕಾರಿ ಚೊಂಬನ್ನು ಕೆಳಗಿಟ್ಟು, ಇದನ್ನು ಇಷ್ಟು ವರ್ಷ ಯಾಕೆ ಹೇಳಲಿಲ್ಲ ತಾಯಿ ಎಂದು ಕೇಳಿದರು. ಯಾರೂ ಕೇಳಲಿಲ್ಲರಿ ಎಂದಳು ಅವ್ವ.

ಅವರು ಅವತ್ತು ಹೊರಟು ಹೋಗಲಿಲ್ಲ. ಶಹಾಪುರದ ಲಾಡ್ಜಿನಲ್ಲಿ ಉಳಿದು, ಮರುದಿನ ಇಬ್ಬರು ಆಳುಗಳನ್ನು ಕರೆತಂದು ದಿನ್ನಿಯ ನೆತ್ತಿಯಲ್ಲಿ, ಅವ್ವ ತೋರಿಸಿದ ಜಾಗದಿಂದ ಬೇಕೆಂದೇ ದೂರ ಸರಿದು, ಒಂದು ಹೊರಸಿನಷ್ಟು ಅಗಲದ ಗುಂಡಿ ತೆಗೆಸಿದರು. ಕೆಲಸಕ್ಕೆ ಸನಿಕೆ ಅಲ್ಲ, ಕರಣಿ ಮತ್ತು ಬ್ರಷ್. ಮುಟ್ಟಿದರೆ ಕೈ ಕತ್ತರಿಸುತ್ತೇನೆ ಎಂಬಂತೆ ನನ್ನನ್ನು ಗುಂಡಿಯಿಂದ ದೂರ ಕೂಡಿಸಿದರು, ಅದು ಸರಿಯಾಗಿಯೇ ಇತ್ತು. ಮೂರನೆಯ ದಿನ ಮಧ್ಯಾಹ್ನ ಬೂದಿಯ ಪದರದ ಕೆಳಗೆ ಒಂದು ಗಡಿಗೆಯ ಹೊಟ್ಟೆ ಕಂಡಿತು. ಯಾರೂ ಮುಟ್ಟದೆ, ನೆಲ ಅದನ್ನು ಹಿಡಿದುಕೊಂಡ ಹಾಗೇ ಇತ್ತು. ಪಕ್ಕದಲ್ಲಿ ನುಣ್ಣಗೆ ಉಜ್ಜಿದ ಕಲ್ಲುಕೊಡಲಿ ಒಂದು. ಅಧಿಕಾರಿ ನನ್ನನ್ನು ಹತ್ತಿರ ಕರೆದರು. ನೋಡಮ್ಮ, ನಿಜವಾದದ್ದು ನೆಲದಲ್ಲಿ ಇರುವ ರೀತಿ ಇದು ಎಂದರು. ಸಾವಿರಾರು ವರ್ಷದ ಹಿಂದೆ ದನ ಕಾಯುತ್ತಿದ್ದವರು ಇಲ್ಲಿ ಸೆಗಣಿ ಒಟ್ಟಿ ಸುಟ್ಟಿದ್ದರಂತೆ, ಈ ಬೂದಿ ಅದರದ್ದು. ಸತ್ತ ಕೂಸುಗಳನ್ನು ಮನೆಯ ಪಕ್ಕದಲ್ಲೇ ಹೂಳುತ್ತಿದ್ದರಂತೆ.

ಸಾವ್ಕಾರ ಸುಮ್ಮನಿರಲಿಲ್ಲ. ಮೊಣಕಾಲು ನೋವಿನಲ್ಲೂ ದಿನ್ನಿ ಹತ್ತಿ ಬಂದು, ಇವೆಲ್ಲ ನಮ್ಮ ಕೂಲಿ ಹೆಂಗಸರು ಒಡೆದು ಒಗೆದ ಗಡಿಗೆ ಸಾಹೇಬರೆ ಎಂದ. ಊರಿನ ನಾಲ್ಕು ಹಿರಿಯರನ್ನು ಕರೆತಂದು ಹಾಗೆಯೇ ಹೇಳಿಸಿದ. ಅಧಿಕಾರಿ ಅರ್ಧ ಹೆಜ್ಜೆಯೂ ಹಿಂದೆ ಸರಿಯಲಿಲ್ಲ. ಎಲ್ಲವನ್ನೂ ಬರೆದುಕೊಂಡು, ಸಹಿ ಹಾಕಿಸಿಕೊಂಡು ಹೋದರು. ಏಳು ಕೈಗೊಡಲಿಗಳ ವಿಷಯ ಅವರ ವರದಿಯಲ್ಲಿ ಬರಲಿಲ್ಲ. ಕಲ್ಲುಗಳನ್ನು ಮಾತ್ರ ವಾಪಸು ಕೊಡಲಿಲ್ಲ. ಮ್ಯೂಸಿಯಮ್ಮಿನಲ್ಲಿ ಇಡುತ್ತೇನೆ, ನಿಮ್ಮ ಆಫೀಸಿನವರು ಹಾಳೆಯ ಮೇಲೆ ಇಟ್ಟಿಗೆ ಇಟ್ಟುಕೊಳ್ಳಲಿ ಎಂದರು. ಆಫೀಸಿನಲ್ಲಿ ಕಲ್ಲು ಎಲ್ಲಿ ಹೋದವು ಎಂದು ನಾಲ್ಕು ದಿನ ಹುಡುಕಿದರು. ನಾನೂ ಅವರ ಜೊತೆ ಹುಡುಕಿದೆ.

ಟವರಿಗೆ ಒಪ್ಪಿಗೆ ಇಲ್ಲ ಎಂಬ ಪತ್ರ ಬಂದದ್ದು ಮಳೆಗಾಲ ಮುಗಿದ ಮೇಲೆ. ದಿನ್ನಿ ಸಂರಕ್ಷಿತ ಜಾಗವಾಗಿತ್ತು. ಅದರ ಮೇಲೆ ಏನೂ ಕಟ್ಟುವಂತಿಲ್ಲ, ಸುತ್ತಲಿನ ಪಟ್ಟಿಯಲ್ಲಿ ಕೇಳದೆ ಬಾವಿಯನ್ನೂ ತೋಡುವಂತಿಲ್ಲ. ಮಗನಿಗೆ ಮನೆ ಕಟ್ಟಿಸಲು ಸಾವ್ಕಾರ ಕಲ್ಲು ಇಳಿಸಿದ್ದ ಜಾಗವೂ ಆ ಪಟ್ಟಿಯೊಳಗೆ ಬಂತು. ಆ ದಿನ ಕೆಂಭಾವಿಯ ಸಂತೆ. ನಾನು ಅರ್ಧ ಕಿಲೋ ಜಿಲೇಬಿ ತೆಗೆದುಕೊಂಡು, ಸಾವ್ಕಾರನ ಮನೆಯ ಎದುರಿಗಿನ ಕಾಲುವೆ ಸೇತುವೆಯ ಮೇಲೆ ಕೂತು, ಅವರ ಪಡಸಾಲೆಯಿಂದ ಕಾಣುವ ಹಾಗೆ ಒಂದೊಂದೇ ತಿಂದೆ. ಯಾರಿಗೂ ಕೊಡಲಿಲ್ಲ. ಆತ ಹೊರಗೆ ಬಂದು ನೋಡಿದ, ಒಳಗೆ ಹೋದ. ಆಗ ಬಹುಶಃ ಆತನಿಗೆ ನೆನಪಾಗಿರಬೇಕು. ರಾತ್ರಿ ಹೊಟ್ಟೆ ನೋವಿನಿಂದ ನರಳಿದೆ. ಅವ್ವ ಅಜವಾನ ಕುದಿಸಿ ಕೊಟ್ಟಳು. ಇಷ್ಟಕ್ಕ ಯಾಕ ಇಷ್ಟು ತಿಂದಿ ಎಂದಳು, ಅವಳ ಮುಖದಲ್ಲಿ ಸಂತೋಷ ಇರಲಿಲ್ಲ.

ಊರವರು ನನ್ನ ಮೇಲೆ ಸಿಟ್ಟಾದರು. ನಮ್ಮ ಕೇರಿಯವರೂ ಆದರು. ಟವರ್ ಪಕ್ಕದ ಊರಿಗೆ ಹೋಯಿತು. ಹೆರಿಗೆ ನೋವು ಬಂದರೂ ಏರಿ ಹತ್ತಿ ಫೋನ್ ಮಾಡಬೇಕು, ನಿನ್ನ ಸೇಡಿಗೆ ನಮ್ಮ ಸಿಗ್ನಲ್ ಹೋಯಿತು ಎಂದು ನನ್ನ ಸ್ವಂತ ಚಿಕ್ಕವ್ವನೇ ಅಂದಳು.  

ದಿನ್ನಿಗೆ ತಂತಿ ಬೇಲಿ ಬಂತು. ನೀಲಿ ಬೋರ್ಡಿನ ಮೇಲೆ ಬಿಳಿ ಅಕ್ಷರದಲ್ಲಿ ಅಗೆಯಬಾರದು, ಹೂಳಬಾರದು, ಕಟ್ಟಬಾರದು ಎಂದು ಬರೆದರು. ಆ ಮೂರು ಮಾತನ್ನು ನಾನು ಎಷ್ಟೋ ಸಲ ಖುಷಿಯಿಂದ ಓದಿದ್ದೇನೆ. ನಡುವಿನ ಮಾತು ನಮಗೂ ಸಂಬಂಧಿಸಿದ್ದು ಎಂದು ಹೊಳೆದೇ ಇರಲಿಲ್ಲ.

ನಾಲ್ಕು ವರ್ಷದ ಮೇಲೆ ಅವ್ವ ತೀರಿಕೊಂಡಳು. ಬಿದ್ದು ಸೊಂಟ ಮುರಿದು ಒಂದು ತಿಂಗಳು ಮಲಗಿದ್ದಳು. ಆ ದಿನಗಳಲ್ಲಿ ಒಮ್ಮೆ, ನನ್ನ ನಿಮ್ಮಪ್ಪನ ಬಾಜೂಕ ಹಾಕು ಎಂದಳು. ಆಯಿತು ಎಂದಿದ್ದೆ. ಮುಂಜಾನೆ ಜೀವ ಹೋಯಿತು. ಕೇರಿಯ ಗಂಡಸರು ಸನಿಕೆ ಹಿಡಿದು ದಿನ್ನಿಗೆ ಹೋದರೆ, ಬೇಲಿಯ ಬಾಗಿಲ ಬಳಿ ಸಾವ್ಕಾರ ಕೋಲೂರಿ ನಿಂತಿದ್ದ. ಅವನ ಪಕ್ಕದಲ್ಲಿ ಇಬ್ಬರು ಪೊಲೀಸರು. ಸುದ್ದಿ ಕೇಳಿದ ತಕ್ಷಣ ಆತನೇ ಠಾಣೆಗೆ ಹೇಳಿ ಕಳಿಸಿ ಕರೆಸಿದ್ದ. ನಾನು ಓಡಿ ಹೋದೆ. ಅವನಿಗೆ ಆಗ ಎಪ್ಪತ್ತು ದಾಟಿತ್ತು, ಮುಖ ಒಣಗಿತ್ತು, ಕಣ್ಣುಗಳು ಮಾತ್ರ ಹೊಳೆಯುತ್ತಿದ್ದವು.

"ನಾ ಅಂತೂ ಬ್ಯಾಡ ಅನ್ನಂಗಿಲ್ಲ ತಂಗಿ," ಎಂದ. "ನನ್ನ ಕೈಯಾಗ ಏನದ? ಕಾಯ್ದೆ ನೀನ ತಂದೀದಿ. ಬೋರ್ಡ್ ಓದು."

ನಾನು ಏರಿಯ ಮೇಲೆ ಹತ್ತಿ ಆ ಅಧಿಕಾರಿಗೆ ಫೋನ್ ಮಾಡಿದೆ. ಆಗ ಅವರು ನಿವೃತ್ತರಾಗಿದ್ದರು. ಪೂರ್ತಿ ಕೇಳಿಸಿಕೊಂಡರು. ತಮ್ಮ ಜಾಗದಲ್ಲಿ ಈಗ ಇರುವವರಿಗೆ ಹೇಳಿ ನೋಡುತ್ತೇನೆ, ಆದರೆ ಒಂದು ದಿನದಲ್ಲಿ ಆಗುವ ಕೆಲಸವಲ್ಲ, ಆಗಲೂಬಾರದು ಎಂದರು. ನಿಮಗೆ ಬಿಟ್ಟರೆ ನಾಳೆ ಅವನಿಗೂ ಬಿಡಬೇಕಾಗುತ್ತದೆ ಅಮ್ಮ ಎಂದರು. ಅವರ ಮಾತು ಸರಿ ಎಂದು ಆಗಲೂ ಗೊತ್ತಿತ್ತು. ಗೊತ್ತಿದ್ದೂ ಫೋನನ್ನು ಕಾಲುವೆಗೆ ಒಗೆಯುವಷ್ಟು ಸಿಟ್ಟು ಬಂತು.

ಕೇರಿಯ ಹರೆಯದ ಹುಡುಗರು ಬೇಲಿ ಕಿತ್ತು ಹೂತೇಬಿಡೋಣ, ಬರುವುದು ಬರಲಿ ಎಂದರು. ನಾನು ಬೇಡ ಎಂದೆ. ನಿಯಮಕ್ಕೆ ಹೆದರಿ ಅಲ್ಲ. ನಾವು ಅಗೆದರೆ ಮರುದಿನವೇ ಸಾವ್ಕಾರ, ಇವರೇ ಅಗೆದರಲ್ಲ ಎಂದು ಅರ್ಜಿ ಕೊಟ್ಟು ಬೇಲಿ ತೆಗೆಸುತ್ತಿದ್ದ. ಬಂಡೆ ಒಡೆಸಿ ಅಪ್ಪನ ಮೇಲೆ ಮತ್ತೆ ಟ್ರ್ಯಾಕ್ಟರ್ ಹತ್ತಿಸುತ್ತಿದ್ದ. ಅವನಿಗೆ ಆ ದಿನ್ನಿ ಸಿಗಬಾರದು ಎಂಬ ಒಂದೇ ಕಾರಣಕ್ಕೆ ನಾನು ಅವ್ವನನ್ನು ಅಪ್ಪನ ಪಕ್ಕದಲ್ಲಿ ಮಲಗಿಸಲಿಲ್ಲ. ಕಾಲುವೆಯ ಪಕ್ಕದ ಜಾಗದಲ್ಲಿ, ಎರಡೂವರೆ ಅಡಿಯ ಗುಂಡಿಯಲ್ಲಿ, ಜಿನುಗುವ ನೀರನ್ನು ಬಟ್ಟಲಿನಿಂದ ಎತ್ತಿ ಎತ್ತಿ ಹಾಕಿ, ಮಣ್ಣು ಕೊಟ್ಟೆವು. ಬೌದ್ಧ ಭಿಕ್ಷು ಭಂತೇಜಿ ಬಂದು ತ್ರಿಸರಣ ಹೇಳಿಸಿದರು. ದ್ವೇಷ ಬಿಡಬೇಕು ಎಂದು ಎರಡು ಮಾತು ಹೇಳಿದರು. ನಾನು ಕೈಮುಗಿದು ಕೇಳಿದೆ. ಮನಸ್ಸಿಗೆ ಇಳಿಯಲಿಲ್ಲ.

ಆಮೇಲೆ ಯೋಚಿಸಿದ್ದೇನೆ. ಅವ್ವ ಯಾರದೋ ಕೂಸುಗಳನ್ನು ಸೆರಗಿನಲ್ಲಿ ಹೊತ್ತು ಮಣ್ಣಿಗೆ ಹಾಕಿದವಳು. ಅವಳ ಕೊನೆಯ ಮಾತು ನಡೆಸಲು ನನ್ನಿಂದಾಗಲಿಲ್ಲ. ಸಾವ್ಕಾರ ಆ ದಿನ ಗೆದ್ದ ಎಂದೇ ಲೆಕ್ಕ. ನಾನೂ ಗೆದ್ದೆ ಎಂದು ಕೆಲವು ದಿನ ಅನಿಸುತ್ತದೆ, ಕೆಲವು ದಿನ ಅನಿಸುವುದಿಲ್ಲ. ನಿಜ ಹೇಳಬೇಕೆಂದರೆ, ಆ ಕಲ್ಲುಗಳನ್ನು ಇಟ್ಟದ್ದಕ್ಕೆ ನಾಚಿಕೆ ಇದೆ, ಆ ಜಿಲೇಬಿ ತಿಂದದ್ದಕ್ಕೆ ಇಲ್ಲ.

ಅವ್ವ ಹೋದ ಮರುವರ್ಷ ನನ್ನ ನೌಕರಿ ಖಾಯಂ ಆಯಿತು. ಒಂದು ದಿನ ಬೆಳಗ್ಗೆ ಹತ್ತು ಗಂಟೆಗೆ ಸಾವ್ಕಾರ ನಮ್ಮ ಆಫೀಸಿಗೆ ಬಂದ. ಅವನ ಹೊಲಕ್ಕೆ ಹೋಗುವ ಹೊಲಗಾಲುವೆಯನ್ನು ಮೇಲಿನ ಹೊಲದವರು ಒತ್ತಿಕೊಂಡಿದ್ದರು. ಹಳೆಯ ನಕ್ಷೆಯ ನಕಲು ಸಿಕ್ಕರೆ ಅವನಿಗೆ ನೀರು ಸಿಗುತ್ತಿತ್ತು. ಮಗ ಬೇರೆಯಾಗಿದ್ದ, ಜೊತೆಗೆ ಯಾರೂ ಬಂದಿರಲಿಲ್ಲ. ಅರ್ಜಿ ನನ್ನ ಮೇಜಿಗೆ ಬಂತು. ಮನಸ್ಸು ಮಾಡಿದ್ದರೆ ಅರ್ಧ ಗಂಟೆಯ ಕೆಲಸ.

ನಾನು ಆತನಿಗೆ ವರಾಂಡದ ಬೆಂಚು ತೋರಿಸಿದೆ. ಮಧ್ಯಾಹ್ನ ಊಟಕ್ಕೆ ಹೋಗುವಾಗ ಅವನ ಮುಂದೆಯೇ ಹೋದೆ, ಅವನ ಮುಂದೆಯೇ ಬಂದೆ. ನಕ್ಷೆಯನ್ನು ಹಾಸಿ ಒಂದು ಗೆರೆಯೂ ಆಚೀಚೆ ಆಗದಂತೆ ಎಳೆದೆ. ತಪ್ಪು ಎಳೆದು ಅವನಿಗೆ ನೀರು ತಪ್ಪಿಸಬಹುದಿತ್ತು, ಕೈ ಒಪ್ಪಲಿಲ್ಲ. ಅಧಿಕಾರಿ ತೆಗೆಸಿದ ಗುಂಡಿಯ ಬಳಿ ಕಲಿತದ್ದು ಅದೊಂದು. ಆದರೆ ಎಳೆದು ಮುಗಿದ ಮೇಲೂ ಹಾಳೆಯನ್ನು ಡ್ರಾಯರಿನಲ್ಲಿಟ್ಟು, ಐದೂವರೆಗೆ ಬಾಗಿಲು ಹಾಕುವ ಹೊತ್ತಿಗೆ ಹೊರಗೆ ತಂದು ಕೊಟ್ಟೆ. ಆತ ಕೋಲೂರಿ ಎದ್ದ. ನಕಲನ್ನು ಕಣ್ಣ ಹತ್ತಿರ ಹಿಡಿದು ನೋಡಿದ. ಸರಿಯಾಗಿದೆ ಎಂದು ಅವನಿಗೆ ಗೊತ್ತಾಯಿತು.

"ಇನ್ನೂ ಸಿಟ್ಟು ಹೋಗಿಲ್ಲೇನು ತಂಗಿ?" ಎಂದು ಕೇಳಿದ.

"ಇಲ್ರಿ," ಎಂದೆ.

ಆತ ತಲೆಯಾಡಿಸಿದ, ನಾನು ಹಾಗೆಯೇ ಹೇಳುತ್ತೇನೆ ಎಂದು ತಿಳಿದಿದ್ದವನಂತೆ. ನಾವಿಬ್ಬರೂ ಒಂದೇ ಬಸ್ಸಿಗೆ ಹೋಗಬೇಕಿತ್ತು. ಆತ ಮುಂದಿನ ಸೀಟಿನಲ್ಲಿ ಕೂತ, ನಾನು ಹಿಂದಿನ ಸೀಟಿನಲ್ಲಿ ಕೂತೆ. ಕೆಂಭಾವಿಯಲ್ಲಿ ಬಸ್ಸು ಬದಲಿಸುವಾಗ ಅವನಿಗೆ ಮೆಟ್ಟಿಲು ಇಳಿಯಲು ತಡವಾಯಿತು. ನಾನು ಕೈ ಕೊಡಲಿಲ್ಲ, ತಳ್ಳಲೂ ಇಲ್ಲ. ಆತ ಇಳಿದ ಮೇಲೆ ನಾನು ಇಳಿದೆ.